ಎಡಗೈ ನೋಡುವವಳು

ಚೆಂಡು ಕಂಡಿತೋ, ಅಲ್ಲೇ ಇದೆಯೆಂದು ಮೊದಲೇ ಗೊತ್ತಿದ್ದುದರಿಂದ ಕಂಡ ಹಾಗಾಯಿತೋ ಎಂಬುದು ಮಾತ್ರ ಅವಳಿಗೆ ಬಗೆಹರಿಯುತ್ತಿರಲಿಲ್ಲ. ಹಲ್ಲುಜ್ಜುವಾಗಲೂ ಅದೇ ಯೋಚನೆ, ಚಹಾ ಸೋಸುವಾಗಲೂ ಅದೇ. ಅಡುಗೆಮನೆಯ ಬಾಗಿಲಿನಿಂದ ನೋಡಿದರೆ ಬೀರುವಿನ ಕನ್ನಡಿಯ ಮುಂದೆ ಚಿಕ್ಕಪ್ಪ ಬನಿಯನ್ನಿನಲ್ಲಿ ನಿಂತು ಜಾದೂ ಅಭ್ಯಾಸ ಮಾಡುತ್ತಿದ್ದ. ಎಡಗೈಯಲ್ಲಿ ಕೆಂಪು ಬಣ್ಣದ ಮರದ ಚೆಂಡು, ನಿಂಬೆಹಣ್ಣಿಗಿಂತ ತುಸು ದೊಡ್ಡದು. ಬಲಗೈ ಬಂದು ಅದನ್ನು ಮುಚ್ಚಿತು, ಎತ್ತಿಕೊಂಡಂತೆ ಮಾಡಿ ಮುಷ್ಟಿ ಕಟ್ಟಿ ದೂರ ಸರಿಯಿತು. ಚೆಂಡು ಎಡಗೈಯಲ್ಲೇ ಉಳಿಯಿತು. ಕೈ ಏನೂ ಅರಿಯದ ಪಾಪದವನಂತೆ ತೊಡೆಯ ಪಕ್ಕಕ್ಕೆ ಇಳಿಬಿದ್ದಿತು. ಆದರೆ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಕೆಂಪಗೆ ಒಂದು ಗೀರು. ಇತ್ತೇ? ಅವಳು ಕಣ್ಣು ಮುಚ್ಚಿ ತೆರೆದಳು. ಇತ್ತು. ಅಥವಾ ಮುಚ್ಚಿದ ಕಣ್ಣಿನೊಳಗೆ ಇದ್ದದ್ದೇ ತೆರೆದ ಕಣ್ಣಿಗೂ ಬಂದಿತು. ಗುಟ್ಟು ಗೊತ್ತಿಲ್ಲದವರ ಕಣ್ಣು ಒಂದೇ ಒಂದು ಸಲ, ಒಂದು ನಿಮಿಷದ ಮಟ್ಟಿಗೆ ಎರವಲು ಸಿಕ್ಕಿದ್ದರೆ ಎಂದುಕೊಂಡಳು. ಅಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

"ಹಾಲಿನ ಮುಂದೆ ನಿಂತೂ ಹಾಲು ಕಾಣ್ಲಿಲ್ವಲ್ಲೇ ನಿಂಗೆ!" ಎಂದಳು ಚಿಕ್ಕಮ್ಮ, ಕಿಟಕಿಯ ಹತ್ತಿರ ಕೂತಲ್ಲಿಂದಲೇ. ಅವಳ ತೊಡೆಯ ಮೇಲೆ ಚಿಕ್ಕಪ್ಪನ ಕಪ್ಪು ಕೋಟು ಒಳಗು ಹೊರಗಾಗಿ ಬಿದ್ದಿತ್ತು. "ಬಾ ಇಲ್ಲಿ, ಈ ಸೂಜಿಗೆ ದಾರ ಪೋಣಿಸಿಕೊಡು. ನಿನ್ನ ಕಣ್ಣು ಇಷ್ಟಕ್ಕಾದರೂ ಬರಲಿ."

ದಾರ ಕೆಂಪು. ಕಪ್ಪು ಕೋಟಿಗೆ ಕೆಂಪು ದಾರವೇ ಎಂದು ಅವಳು ಕೇಳಲಿಲ್ಲ. ಕೇಳುವುದು ಅವಳ ಸ್ವಭಾವವಲ್ಲ. ಪೋಣಿಸಿ ಕೊಟ್ಟಳು. ಚಿಕ್ಕಮ್ಮ ಸೂಜಿ ತೆಗೆದುಕೊಂಡವಳು ಕೋಟಿನ ತೋಳನ್ನು ಮಡಿಲೊಳಗೆ ಎಳೆದುಕೊಂಡು, "ಹೋಗು, ಒಲೆ ಒರೆಸು" ಎಂದಳು. ಆ ಕೋಟಿನಲ್ಲಿ ಎಷ್ಟು ಜೇಬುಗಳಿವೆಯೆಂದು ಹೊಲಿದವಳಿಗೇ ಮರೆತುಹೋಗಿದೆ. ಕಂಡವರಿಗೆಲ್ಲ ಚಿಕ್ಕಮ್ಮ ಹೇಳುವುದು ಒಂದೇ: "ಒಗೆಯೋಕೆ ಹಾಕಿದಾಗೆಲ್ಲ ಅದರೊಳಗಿಂದ ಏನಾದರೊಂದು ಹೊರಗೆ ಬರತ್ತೆ. ಒಂದು ದಿನ ಇವರೇ ಬರ್ತಾರೆ ನೋಡ್ತಿರಿ."

ಕನ್ನಡಿಯನ್ನು ನಂಬಬಾರದು ಎನ್ನುವುದು ಚಿಕ್ಕಪ್ಪನ ಮಾತು. ಕನ್ನಡಿಯ ಮುಂದೆ ಅಭ್ಯಾಸ ಮಾಡುವವನು ಚೆಂಡು ಮರೆಮಾಚುವ ಗಳಿಗೆಗೆ ಸರಿಯಾಗಿ ತನ್ನ ಕಣ್ಣನ್ನೇ ಮಿಟುಕಿಸಿಬಿಡುತ್ತಾನಂತೆ. ತನ್ನ ಕಳ್ಳತನವನ್ನು ತಾನೇ ನೋಡಲಾರದೆ. ತನಗೆ ಕಾಣದ್ದು ಯಾರಿಗೂ ಕಾಣುವುದಿಲ್ಲ ಅಂದುಕೊಂಡು ಹೋಗಿ ತುಂಬಿದ ಸಭೆಯಲ್ಲಿ ಸಿಕ್ಕಿಬೀಳುತ್ತಾನೆ. ಅದಕ್ಕೇ ಒಂದು ಬೇರೆ ಕಣ್ಣು ಬೇಕು. ಹಾಜರಿ ಕರೆದಾಗ ದನಿ ಹೊರಡದೆ, ಇದ್ದೂ ಗೈರುಹಾಜರಾಗಿ, ಕೊನೆಗೊಂದು ದಿನ ಶಾಲೆಯನ್ನೇ ಬಿಟ್ಟು ಬಂದ ಅಣ್ಣನ ಮಗಳನ್ನು ಚಿಕ್ಕಪ್ಪ ಆಗ ಕಣ್ಣರಳಿಸಿ ನೋಡಿದ್ದ. ಆ ವಯಸ್ಸಿಗೇ ಮುಖದ ತುಂಬ ಬರೀ ಕಣ್ಣು. "ಗೂಬೆಮರಿ ಇದ್ದ ಹಾಗಿದ್ದೀಯಲ್ಲೇ! ಮಾತಾಡೋದೇ ಬೇಡ, ಕೂತು ನೋಡಿದ್ರೆ ಸಾಕು. ಬರ್ತೀಯಾ ನನ್ನ ಜೊತೆ?" ಅವಳು ತಲೆ ಆಡಿಸಿದ್ದಳು. ಬಾಯಿ ತೆರೆಯದೆ ಮಾಡಬಹುದಾದ ಕೆಲಸವೊಂದು ಲೋಕದಲ್ಲಿದೆ ಎಂದು ಅವಳಿಗೆ ಗೊತ್ತಾದದ್ದು ಆ ದಿನ.

ಕೆಲಸ ಎರಡು. ಜನರ ನಡುವೆ ಯಾರೋ ಎಂಬಂತೆ ಕೂರುವುದು ಒಂದು. ಆಟದ ಕೊನೆಗೆ ಚಿಕ್ಕಪ್ಪ ಸಭೆಯನ್ನೆಲ್ಲ ಹುಡುಕಿದವನಂತೆ ಹುಡುಕಿ, "ಅಲ್ಲಿ ಕೂತಿರೋ ಅಮ್ಮಾ, ಹೌದು ನೀವೇ, ದಯವಿಟ್ಟು ನಿಮ್ಮ ಕೈಚೀಲ ಒಂದು ಸಲ ನೋಡ್ತೀರಾ?" ಎನ್ನುತ್ತಾನೆ. ಮನೆಯಲ್ಲಿ ಗೂಬೆಮರಿ, ಸಭೆಯಲ್ಲಿ ನೀವು. ಅವಳು ಎದ್ದು ನಿಲ್ಲುತ್ತಾಳೆ, ಕೆಂಪೇರುತ್ತಾಳೆ, ಚೀಲದೊಳಗೆ ಕೈಹಾಕಿ ಬೆಳಿಗ್ಗೆ ತಾನೇ ಹಾಕಿಟ್ಟ ಎರಡನೇ ಚೆಂಡನ್ನು ಎತ್ತಿ ತೋರಿಸುತ್ತಾಳೆ. ಆ ನಾಚಿಕೆಯನ್ನು ಯಾರೂ ಕಲಿಸಿದ್ದಲ್ಲ. ಸಭೆ ನಂಬುವುದು ಅದನ್ನೇ. ಎರಡನೆಯ ಕೆಲಸ, ಉಳಿದ ಹೊತ್ತೆಲ್ಲ ನೋಡುವುದು. ಹೊರಡುವಾಗ ಬೇರೆ ಬೇರೆ ಹೊರಟು, ದೂರದ ಬಸ್ ನಿಲ್ದಾಣದಲ್ಲಿ ಸೇರಿದ ಮೇಲೆ ಚಿಕ್ಕಪ್ಪ ಕೇಳುತ್ತಾನೆ: "ಕಂಡಿತಾ?"

"ಇಲ್ಲ."

ಆ ಒಂದು ಮಾತಿಗಾಗಿ ಅವನು ಅಷ್ಟು ದೂರ ಉಸಿರು ಹಿಡಿದುಕೊಂಡು ನಡೆದು ಬಂದಿರುತ್ತಿದ್ದ. ಕೆಲವು ವಾರಗಳ ಹಿಂದೆ, ಒಂದು ಶಾಲೆಯ ಸಭಾಂಗಣದಲ್ಲಿ, ಚೆಂಡು ಅವನ ಎಡಗೈಯಲ್ಲಿ ಒಮ್ಮೆ ಜಾರಿತು. ಬೀಳಲಿಲ್ಲ. ಬೆರಳುಗಳು ತಡಬಡಿಸಿ ಹಿಡಿದುಕೊಂಡವು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಅದಕ್ಕೋ ಬೇರಾವುದಕ್ಕೋ. ಆ ಸಂಜೆಯೂ ನಿಲ್ದಾಣದಲ್ಲಿ ಅವನು "ಕಂಡಿತಾ?" ಎಂದ. ಅವಳು "ಇಲ್ಲ" ಎಂದಳು. ಬಾಯಿಗೆ ರೂಢಿಯಾಗಿದ್ದ ಮಾತು, ತಾನಾಗಿಯೇ ಬಂದುಬಿಟ್ಟಿತು. ಬಂದ ಮೇಲೆ ಹಿಂದಕ್ಕೆ ಕರೆಯುವುದು ಹೇಗೆ? ಅಂದಿನಿಂದ ಪ್ರತಿ ಆಟದಲ್ಲೂ ಆ ಎಡಗೈ ಅವಳಿಗೆ ಹುಣ್ಣಿನ ಹಾಗೆ ಕಾಣತೊಡಗಿತು. ನೋಡಬಾರದು ಎಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಹೇಳಿದರೆ ಅವನು ಚೆಂಡನ್ನು ಕೆಳಗಿಟ್ಟುಬಿಡುತ್ತಾನೆ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಪಾತ್ರೆ ಒರೆಸುವಾಗ ಥಟ್ಟನೆ ಹೊಳೆದು ಮೈ ಬಿಸಿಯಾಗುವಂಥದ್ದು: ಅವನು ಕೆಳಗಿಟ್ಟರೆ ತನ್ನ ಕಣ್ಣಿಗೇನು ಕೆಲಸ? ಅವನನ್ನು ಉಳಿಸಲು ಸುಳ್ಳು ಹೇಳಿದೆನೋ, ನನ್ನನ್ನು ಉಳಿಸಿಕೊಳ್ಳಲೋ?

ಇವತ್ತಿನದು ಹೋಟೆಲು. ಶಾಲೆಗಳು ಈಚೆಗೆ ಕರೆಯುವುದು ಕಡಿಮೆಯಾಗಿತ್ತು. ಚಿಕ್ಕಮ್ಮ ಹೊಸ ಕಾರ್ಡು ಅಚ್ಚು ಹಾಕಿಸಿದಳು, ವೀಡಿಯೊ ತೆಗೆಯುವವನೊಬ್ಬನನ್ನು ಕರೆಸಿದಳು. ಅವನು ಚಿಕ್ಕಪ್ಪನ ಸುತ್ತ ಒಂದು ಸುತ್ತು ಬಂದು, "ಸಾರ್, ಆಟ ಚೆನ್ನಾಗಿದೆ, ಮುಖ ಮಾತ್ರ ಸಾಲ ಕೊಟ್ಟೋನು ಬಂದಾಗ ಬಾಗಿಲು ತೆಗೆಯೋರ ಹಾಗಿದೆ. ಸ್ವಲ್ಪ ನಗಿ" ಎಂದಿದ್ದ. ಆಮೇಲೆ ಒಂದು ವಾರ ಚಿಕ್ಕಪ್ಪ ಊಟ ಮಾಡುವಾಗಲೂ ನಗುವುದನ್ನು ಅಭ್ಯಾಸ ಮಾಡಿ, "ಅನ್ನದ ಮುಂದೆ ಹಲ್ಲು ಕಿರೀಬೇಡಿ" ಎಂದು ಚಿಕ್ಕಮ್ಮನಿಂದ ಬೈಸಿಕೊಂಡಿದ್ದ. ಆ ವೀಡಿಯೊ ನೋಡಿಯೇ ಹೋಟೆಲಿನ ಮ್ಯಾನೇಜರು ಕರೆಸಿದ್ದು. ವೇದಿಕೆಯಿಲ್ಲ, ಪರದೆಯಿಲ್ಲ, ಊಟದ ಹಾಲಿನಲ್ಲಿ ಟೇಬಲುಗಳ ನಡುವೆ ನಿಂತು ತೋರಿಸಬೇಕು. ಒಂದು ಮಧ್ಯಾಹ್ನ ನೋಡುತ್ತಾರೆ. ಹಿಡಿಸಿದರೆ ಪ್ರತಿ ಶನಿವಾರ. ಹಿಡಿಸದಿದ್ದರೆ ಸೋಮವಾರದಿಂದ ಚಿಕ್ಕಮ್ಮನ ತಮ್ಮನ ಗೋದಾಮಿನಲ್ಲಿ ಬಾಗಿಲು ಕಾಯುವ ಕೆಲಸ. ಅದಕ್ಕೂ ಚಿಕ್ಕಪ್ಪ ಹೂಂ ಎಂದಿದ್ದ. ಹೂಂ ಎಂದವನು ಚೆಂಡುಗಳನ್ನೆಲ್ಲ ಒಂದೊಂದಾಗಿ ಒರೆಸಿ ಡಬ್ಬಿಯಲ್ಲಿಟ್ಟದ್ದನ್ನು ಅವಳು ಬಾಗಿಲ ಸಂದಿಯಿಂದ ನೋಡಿದ್ದಳು.

ವೇದಿಕೆಯಾದರೆ ಜನ ಎದುರಿಗೆ ಮಾತ್ರ. ಟೇಬಲುಗಳ ನಡುವೆ ಎಂದರೆ ಎಡಕ್ಕೂ ಜನ, ಬಲಕ್ಕೂ ಜನ, ಬೆನ್ನಿಗೂ ಜನ. ಇವತ್ತು ಹೇಳಿಬಿಡಬೇಕು ಎಂದು ಚಹಾ ಕೊಡುವಾಗ ಬಾಯಿ ತೆರೆದಳು. "ಚಿಕ್ಕಪ್ಪಾ..."

"ಏನೇ?"

"ಸಕ್ಕರೆ ಸಾಕಾ?"

ಅವನು ಅವಳ ಮುಖವನ್ನು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ಹೊತ್ತು ನೋಡಿದ. "ಸಾಕು" ಎಂದು ನಕ್ಕ, ವೀಡಿಯೊದವನು ಕಲಿಸಿದ ನಗು.

ಅವಳು ಮೊದಲು ಹೊರಟಳು. ಬಸ್ಸಿನ ಕಿಟಕಿಯಲ್ಲಿ ಅಂಗಡಿಗಳು, ಕಟ್ಟುತ್ತಿರುವ ಕಟ್ಟಡ, ಮತ್ತೆ ಅಂಗಡಿಗಳು. ಮಡಿಲಲ್ಲಿ ಚೀಲ, ಚೀಲದಲ್ಲಿ ಚೆಂಡು. ಒಮ್ಮೆ ಯಾವುದೋ ಕ್ಲಬ್ಬಿನಲ್ಲಿ ಚೆಂಡನ್ನು ವೇದಿಕೆಗೆ ಒಯ್ದು ಕೊಟ್ಟು ಮರಳುವಾಗ ಮೆಟ್ಟಿಲಲ್ಲಿ ಕಾಲು ಉಳುಕಿ ಬಿದ್ದಿದ್ದಳು. ಮಂಡಿಯಿಂದ ರಕ್ತ. ಮೇಲೆ ನಿಂತಿದ್ದ ಚಿಕ್ಕಪ್ಪ ಒಂದು ಹೆಜ್ಜೆ ಮುಂದಿಟ್ಟವನು ಅಲ್ಲೇ ನಿಂತು, "ಯಾರಾದರೂ ಆ ಹುಡುಗಿಗೆ ಸ್ವಲ್ಪ ನೀರು ಕೊಡಿ" ಎಂದ. ಆ ಹುಡುಗಿ. ಅವಳಿಗೆ ಕಣ್ಣಲ್ಲಿ ನೀರು ಬಂದದ್ದು ಮಂಡಿಯ ನೋವಿಗಲ್ಲ. ಮನೆಗೆ ಬಂದ ಮೇಲೆ ಅವನೇ ಗಾಯ ತೊಳೆದು ಪಟ್ಟಿ ಕಟ್ಟಿದ. ಕಟ್ಟುತ್ತ ಕಟ್ಟುತ್ತ, "ನೀನು ಅತ್ತಿದ್ದು ಒಳ್ಳೇದಾಯ್ತು, ಯಾರಿಗೂ ಅನುಮಾನ ಬರ್ಲಿಲ್ಲ" ಎಂದ. ಪಟ್ಟಿ ಕಟ್ಟಿದ ಕೈ ಮೆತ್ತಗಿತ್ತು. ಮಾತು ಮಾತ್ರ ಹಾಗಿತ್ತು. ಎರಡರಲ್ಲಿ ಯಾವುದು ಚಿಕ್ಕಪ್ಪ ಎಂದು ಆ ದಿನವೂ ಅವಳಿಗೆ ತಿಳಿದಿರಲಿಲ್ಲ. ಕಂಡಕ್ಟರು "ಎಲ್ಲಿಗಮ್ಮಾ?" ಎಂದು ಎರಡು ಸಲ ಕೇಳಿದ ಮೇಲೆ ಅವಳಿಗೆ ಕೇಳಿಸಿತು.

ಊಟದ ಹಾಲಿನಲ್ಲಿ ಬಿಳಿಯ ಹಾಸಿನ ಟೇಬಲುಗಳು, ನೀರಿನ ಲೋಟಗಳಲ್ಲಿ ಕೋಡುಕೋಡಾಗಿ ಮಡಚಿಟ್ಟ ಕರವಸ್ತ್ರಗಳು. ಅವಳಿಗೆ ಗೋಡೆಯ ಪಕ್ಕದ ಸಣ್ಣ ಟೇಬಲು. ಲೋಟದಿಂದ ಕರವಸ್ತ್ರ ತೆಗೆಯಬೇಕೋ ಬಿಡಬೇಕೋ ಗೊತ್ತಾಗದೆ ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡು ಕೂತಳು. ಬಡಿಸುವವನು ಬಂದು ತಾನೇ ಅದನ್ನು ಎಳೆದು ಅವಳ ಮಡಿಲಿಗೆ ಹಾಸಿದಾಗ ಕಿವಿಯವರೆಗೂ ಕೆಂಪಾದಳು. ಪಕ್ಕದ ಟೇಬಲಿನಲ್ಲಿ ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡಿದ್ದ ಹೆಂಗಸೊಬ್ಬಳು ಒಬ್ಬಳೇ ಸೂಪು ಕುಡಿಯುತ್ತಿದ್ದಳು.

"ಒಬ್ಬಳೇ ಬಂದಿದ್ದೀಯೇನಮ್ಮಾ?"

"ಹೂಂ."

"ನಾನೂ ಒಬ್ಬಳೇ. ಒಬ್ಬರೇ ಬಂದವರನ್ನೆಲ್ಲ ಈ ಗೋಡೆ ಪಕ್ಕಕ್ಕೇ ಸರಿಸ್ತಾರೆ, ಮುರಿದ ಕುರ್ಚಿ ಸರಿಸಿದ ಹಾಗೆ" ಎಂದು ಆಕೆ ನಕ್ಕಳು. ಅವಳಿಗೂ ನಗು ಬಂತು. ಕೆಲಸದ ಹೊತ್ತಿನಲ್ಲಿ ಯಾರನ್ನೂ ಮೆಚ್ಚಿಕೊಳ್ಳಬಾರದು. ಆದರೂ ಆ ಹೆಂಗಸು ಹಿಡಿಸಿಬಿಟ್ಟಳು.

ಚಿಕ್ಕಪ್ಪ ಬಂದ. ಕಪ್ಪು ಕೋಟಿನಲ್ಲಿ ಅವನು ಮನೆಯಲ್ಲಿರುವುದಕ್ಕಿಂತ ಎತ್ತರ. ಹಗ್ಗ ತುಂಡಾಗಿ ಕೂಡಿತು, ಕರವಸ್ತ್ರ ಬಣ್ಣ ಬದಲಿಸಿತು, ಜನ ಚಮಚ ಕೆಳಗಿಟ್ಟರು. ಮ್ಯಾನೇಜರು ಕಂಬಕ್ಕೊರಗಿ, ಎದೆಯ ಮೇಲೆ ಕೈಕಟ್ಟಿ ನಿಂತಿದ್ದ. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಕೆಂಪು ಚೆಂಡು ಹೊರಬಂತು. ನೋಡಬಾರದು. ಬಲಗೈ ನೋಡು, ಎಲ್ಲರೂ ಬಲಗೈ ನೋಡುವಾಗ ನೀನೂ ಬಲಗೈ ನೋಡು, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಬಲಗೈ ಚೆಂಡನ್ನು ಮುಚ್ಚಿತು, ಮುಷ್ಟಿಯಾಯಿತು, ಮೇಲೇರಿತು. ಅವಳ ಕಣ್ಣು ಎಡಗೈಗೆ ಇಳಿಯಿತು. ಬೆರಳುಗಳ ನಡುವೆ ಕೆಂಪು. ಗೀರಲ್ಲ, ಇವತ್ತು ಚೆನ್ನಾಗಿಯೇ ಕಾಣುವಷ್ಟು ಕೆಂಪು. ಇದು ಗೊತ್ತಿದ್ದವರ ಕಣ್ಣಿನ ಮಾತಲ್ಲ, ಯಾರಿಗಾದರೂ ಕಾಣುವಂಥದ್ದು. ಅಯ್ಯೋ ಚಿಕ್ಕಪ್ಪಾ, ಮುಚ್ಚು, ಸ್ವಲ್ಪ ಮುಚ್ಚು. ಅವಳು ತನ್ನ ಬೆರಳುಗಳನ್ನು ಮಡಿಲಲ್ಲಿ ಗಟ್ಟಿಯಾಗಿ ಮಡಚಿದಳು, ತಾನು ಮಡಚಿದರೆ ಅವನ ಬೆರಳೂ ಮಡಚಿಕೊಳ್ಳುತ್ತವೆ ಎಂಬಂತೆ.

ಕನ್ನಡಕದ ಹೆಂಗಸು ಅವಳತ್ತ ನೋಡಿದಳು. ಅವಳ ಕಣ್ಣು ಹೋದ ದಾರಿಯಲ್ಲೇ ತನ್ನ ಕಣ್ಣು ಕಳಿಸಿದಳು. ಬಾಗಿ, ಪಿಸುಗುಟ್ಟಿದಳು: "ಎಡಗೈಲೇ ಇದೆ, ಅಲ್ವೇನಮ್ಮಾ?"

ಇಲ್ಲ ಎನ್ನಬೇಕಿತ್ತು. ಅಷ್ಟು ದಿನ ಬಸ್ ನಿಲ್ದಾಣದಲ್ಲಿ ಎಷ್ಟು ಸಲೀಸಾಗಿ ಬರುತ್ತಿದ್ದ ಮಾತು. ಯಾರೋ ಒಬ್ಬರು, ಗುಟ್ಟು ಗೊತ್ತಿಲ್ಲದವರೊಬ್ಬರು, ನನಗೂ ಕಂಡಿತು ಎಂದರಲ್ಲ ಎಂಬುದೇ ಅವಳಿಗೆ ಒಂದು ದೊಡ್ಡ ಭಾರ ಇಳಿದ ಹಾಗಿತ್ತು. ನಾನು ಹುಚ್ಚಿಯಲ್ಲ, ಕಂಡದ್ದು ನಿಜ. ಆ ಹಗುರಿನಲ್ಲಿ, ಅವಳನ್ನು ಕೇಳದೆಯೇ, ಅವಳ ತಲೆ ಮೇಲಕ್ಕೂ ಕೆಳಕ್ಕೂ ಆಡಿತು.

"ಎಡಗೈ ತೋರಿಸಿ ಸ್ವಾಮೀ!" ಎಂದಳು ಹೆಂಗಸು ಗಟ್ಟಿಯಾಗಿ. ಕೂತವರೆಲ್ಲ ತಿರುಗಿದರು. "ಎಡಗೈ, ಎಡಗೈ" ಎಂದು ಇನ್ನೂ ಕೆಲವರು ದನಿಗೂಡಿಸಿದರು. ಮ್ಯಾನೇಜರು ಕಂಬ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಚಿಕ್ಕಪ್ಪನ ನಗು ಅಳಿಸಿಹೋಯಿತು. ಅವನು ತಡವರಿಸಿದ, ಎಡಗೈಯನ್ನು ಬೆನ್ನ ಹಿಂದಕ್ಕೆ ಒಯ್ದ, "ಎಡಗೈಲೇನಿದೆ ಬಿಡಿ" ಎಂದ. ಜನ ಇನ್ನಷ್ಟು ಕೂಗಿದರು. ಅವಳಿಗೆ ಗೋದಾಮಿನ ಬಾಗಿಲು ಕಂಡಿತು, ಬಾಗಿಲ ಪಕ್ಕದ ಕುರ್ಚಿ ಕಂಡಿತು, ಕುರ್ಚಿಯ ಮೇಲೆ ಬರಿಗೈಯಲ್ಲಿ ಕೂತವನು ಕಂಡ. ಇಡೀ ಲೋಕದಲ್ಲಿ ತಲೆ ಆಡಿಸಬಾರದಾಗಿದ್ದವಳು ಒಬ್ಬಳೇ ಒಬ್ಬಳು. ಅವಳೇ ಆಡಿಸಿದ್ದಳು.

ಎಡಗೈ ನಿಧಾನವಾಗಿ ಮುಂದೆ ಬಂತು. ಬೆರಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗೈ ಬರಿದಾಗಿತ್ತು.

ಅವನು ಬಲಮುಷ್ಟಿಯನ್ನೂ ಬಿಚ್ಚಿದ. ಅದೂ ಬರಿದು. ಆಮೇಲೆ ಚಪ್ಪಾಳೆ, ಕುರ್ಚಿ ಸರಿದ ಸದ್ದು, ಕನ್ನಡಕದ ಹೆಂಗಸಿನ "ಅಯ್ಯಯ್ಯಪ್ಪಾ!" ಎಂಬ ಉದ್ಗಾರ. ಗುಟ್ಟು ಗೊತ್ತಿದ್ದವಳ ಬಾಯಿಯೂ ತೆರೆದದ್ದು ತೆರೆದೇ ಇತ್ತು. ಚಿಕ್ಕಂದಿನಲ್ಲಿ, ಗುಟ್ಟು ತಿಳಿಯುವುದಕ್ಕೆ ಮುಂಚೆ, ಅವನು ಅವಳ ಕಿವಿಯ ಹಿಂದಿನಿಂದ ಗುಂಡಿಯೊಂದನ್ನು ತೆಗೆದಾಗ ಹೀಗೆ ಆಗಿತ್ತು. ಮತ್ತೆ ಎಂದೂ ಆಗಿರಲಿಲ್ಲ. "ಅಲ್ಲಿ ಕೂತಿರೋ ಅಮ್ಮಾ" ಎಂದು ಎಲ್ಲಿಂದಲೋ ದನಿ ಬಂತು. "ಹೌದು, ನೀವೇ." ಎದ್ದಳು. ಚೀಲದೊಳಗೆ ಕೈಹಾಕಿದಳು. ಚೆಂಡು ಬೆರಳಿಗೆ ತಾಗಿದಾಗ ಬೆಚ್ಚಿದಳು. ಬೆಳಿಗ್ಗೆ ತಾನೇ ಹಾಕಿದ್ದು ಎಂಬುದು ಅವಳಿಗೆ ನಿಜಕ್ಕೂ ಮರೆತುಹೋಗಿತ್ತು.

ಮ್ಯಾನೇಜರು ಚಿಕ್ಕಪ್ಪನ ಕೈ ಕುಲುಕುತ್ತಿದ್ದುದನ್ನು ಬಾಗಿಲಿನಿಂದ ನೋಡಿ ಹೊರಬಂದಳು. ಬಸ್ ನಿಲ್ದಾಣದ ಕಬ್ಬಿಣದ ಬೆಂಚು ಬಿಸಿಲಿಗೆ ಕಾದಿತ್ತು. ಕೂರದೆ ನಿಂತೇ ಕಾದಳು. ಗೆದ್ದಿದ್ದಾನೆ, ಸಂತೋಷಪಡಬೇಕು. ತಾನು ಮಾತ್ರ ಅವನನ್ನು ಹಿಡಿದುಕೊಟ್ಟವಳು. ಗೆದ್ದದ್ದು ಹಿಡಿದುಕೊಟ್ಟದ್ದರಿಂದಲೇ. ಈ ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ತಲೆ ತಿರುಗುತ್ತಿತ್ತು. ಚಿಕ್ಕಪ್ಪ ಬಂದ. ಕೋಟನ್ನು ಬಲತೋಳಿನ ಮೇಲೆ ಹಾಕಿಕೊಂಡು, ಹುಡುಗನ ಹಾಗೆ ಬೀಸಿ ಬೀಸಿ ನಡೆಯುತ್ತ.

"ಪ್ರತಿ ಶನಿವಾರ! ಪ್ರತಿ ಶನಿವಾರ ಕಣೇ!" ಎಂದ. ಆಮೇಲೆ ರೂಢಿಯಂತೆ ದನಿ ತಗ್ಗಿಸಿ, "ಕಂಡಿತಾ?"

"ಕೆಂಪು ಕಂಡಿತು."

"ಕಾಣ್ಲೇಬೇಕು. ಕಾಣೋ ಹಾಗೆ ಆಗೋವರೆಗೂ ನಿನ್ನ ಚಿಕ್ಕಮ್ಮ ಬಿಚ್ಚಿ ಬಿಚ್ಚಿ ಹೊಲಿದಳು." ಕೋಟಿನ ಎಡತೋಳಿನ ಒಳಗನ್ನು ತಿರುವಿ ತೋರಿಸಿದ. ಒಂದು ಚೂರು ಕೆಂಪು ಬಟ್ಟೆ, ಅದಕ್ಕೊಂದು ಎಲಾಸ್ಟಿಕ್, ಬೆಳಿಗ್ಗೆ ಅವಳೇ ಪೋಣಿಸಿಕೊಟ್ಟ ಕೆಂಪು ದಾರ. ಬೆರಳ ಸಂದಿಯಲ್ಲಿ ಹಿಡಿದರೆ ಚೆಂಡಿನ ಹಾಗೆ ಕಾಣುತ್ತದೆ, ಬಿಟ್ಟರೆ ಸರಕ್ಕನೆ ತೋಳಿನೊಳಗೆ ಸೇರಿಕೊಳ್ಳುತ್ತದೆ.

"ಚೆಂಡು?"

"ಬಲಗೈಲಿ. ನಿಜವಾಗ್ಲೂ ಬಲಗೈಗೇ ಕೊಟ್ಟೆ ಕಣೇ! ನೀವೆಲ್ಲ ಎಡಗೈ ಎಡಗೈ ಅಂತಿದ್ದಾಗ ನಿಧಾನವಾಗಿ ಜೇಬಿಗೆ ಹಾಕ್ಕೊಂಡೆ. ಬೇಕಿದ್ರೆ ಅಲ್ಲೇ ಒಂದು ಕಪ್ ಚಹಾನೂ ಕುಡೀಬಹುದಿತ್ತು."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ಹಾಗೆ ನೋಡ್ತಿದ್ದೆಯಾ?"

ಅವನು ಕೊಂಚ ಮೆತ್ತಗಾದ. "ಆ ಶಾಲೇಲಿ ಜಾರಿದ್ದು ನಿಜವಾಗ್ಲೂ ಜಾರಿದ್ದೇ. ನೀನು ಕಾಣಲಿಲ್ಲ ಅಂದೆ. ಬಾಯಿ ಕಾಣಲಿಲ್ಲ ಅಂತು, ಮುಖ ಕಂಡಿತು ಅಂತು. ಆಮೇಲಿಂದ ನಾನು ಆಟ ಆಡ್ತಾ ನಿನ್ನನ್ನೇ ನೋಡ್ತಿದ್ದೆ. ನೀನು ಸಾವಿನ ಮನೇಲಿ ಕೂತ ಹಾಗೆ ನನ್ನ ಎಡಗೈ ನೋಡ್ತಾ ಕೂತಿರ್ತಿದ್ದೆ, ನಿನ್ನ ನೋಡಿ ನಿನ್ನ ಅಕ್ಕಪಕ್ಕದೋರೂ ನೋಡೋರು. ಮೊದಲು ಸಿಟ್ಟು ಬಂತು. ಆಮೇಲೆ ನಿನ್ನ ಚಿಕ್ಕಮ್ಮ ಅಂದಳು, ಅವಳ ಕಣ್ಣು ಎಳೆಯೋ ಕಡೆಗೆ ಜನ ಬರ್ತಾರೆ ಅಂದ್ರೆ ಬರಲಿ ಬಿಡ್ರೀ, ನೀವು ಇನ್ನೊಂದು ಕಡೆಯಿಂದ ಹೋಗಿ ಅಂತ."

ಬೆಳಿಗ್ಗೆ ಮಡಿಲೊಳಗೆ ಸರಿದ ತೋಳು. ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚು ನೋಡಿದ ಕಣ್ಣು. ಇಷ್ಟು ದಿನ ತಾನು ನೋಡುವವಳು ಅಂದುಕೊಂಡಿದ್ದಳು. ಮನೆಯವರೆಲ್ಲ ಸೇರಿ ತನ್ನನ್ನು ನೋಡುತ್ತಿದ್ದರು.

"ಆದ್ರೆ ಆ ತಲೆ ಆಡಿಸಿದ್ದು ಇದೆಯಲ್ಲಾ" ಎಂದ ಚಿಕ್ಕಪ್ಪ ತಡೆಯಲಾರದೆ, "ಅದು ನಾನೂ ಅಂದ್ಕೊಂಡಿರ್ಲಿಲ್ಲ! ಆಯಮ್ಮ ಕೇಳಿದ ತಕ್ಷಣ ಹೂಂ ಅಂತ... ಎಲ್ಲಿ ಕಲಿತೆಯೇ ಅದನ್ನ? ಪ್ರತಿ ಶನಿವಾರ ಹಾಗೇ ಆಡಿಸ್ಬೇಕು ನೋಡು."

"ಅದು ಆಟ ಅಲ್ಲ ಚಿಕ್ಕಪ್ಪ." ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ನಿಜವಾಗಿಯೂ ಆಡಿಸಿದೆ. ಇದೆ ಅಂತ ಹೇಳಿಬಿಟ್ಟೆ."

ಅವನು ಅವಳನ್ನು ನೋಡಿದ. ನಗು ಮುಖದ ಮೇಲೆ ನಿಂತಲ್ಲೇ ನಿಂತಿತ್ತು, ಮುಂದೆ ಹೋಗಲೂ ಗೊತ್ತಾಗದೆ ಹಿಂದೆ ಬರಲೂ ಗೊತ್ತಾಗದೆ. "ಇದೇ! ಇದೇ ಮುಖ!" ಎಂದ ಕೊನೆಗೆ. "ನಾನೇ ನಂಬಿಬಿಟ್ಟಿದ್ದೆ." ನಂಬಿ ಹಾಗಂದನೋ, ನಂಬಲಾರದೆ ಹಾಗಂದನೋ. ಅಥವಾ ಇಬ್ಬರಿಗೂ ಶನಿವಾರಗಳು ಬೇಕಲ್ಲ ಎಂದು, ಬಿಚ್ಚಿಕೊಂಡದ್ದನ್ನು ಮತ್ತೆ ಮಡಚಿಟ್ಟನೋ. ಅವಳು ಅವನ ಮುಖದಲ್ಲಿ ಹುಡುಕಿದಳು. ಅಷ್ಟು ವರ್ಷ ಕೈಯನ್ನೇ ನೋಡಿದವಳಿಗೆ ಆ ಮುಖ ಓದಲು ಬರುತ್ತಿರಲಿಲ್ಲ. ಬರುವ ಶನಿವಾರವೂ ಅವಳು ಎಡಗೈ ನೋಡಬೇಕು, ಎದೆ ಒಡೆದಂತೆ ನೋಡಬೇಕು, ಯಾರಾದರೂ ಕೇಳಿದರೆ ತಲೆ ಆಡಿಸಬೇಕು. ಆ ಹೆಂಗಸಿನಂಥ ಇನ್ನೊಬ್ಬಳಿಗೆ.

ಬಸ್ಸು ದೂರದ ತಿರುವಿನಲ್ಲಿ ಕಂಡಿತು. ಚಿಕ್ಕಪ್ಪ ಕೈಯೆತ್ತಿದ. ಎಡಗೈ. ಬಿಸಿಲಿನಲ್ಲಿ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಇದೂ ಕಾಣಲೆಂದೇ ಕಾಣಿಸಿದ್ದೋ? ಆಟ ನೋಡಿದವರು ಯಾರಾದರೂ ಇತ್ತ ಬರಬಹುದು, ಹತ್ತಿರ ನಿಲ್ಲುವ ಹಾಗಿಲ್ಲ, ಮುಟ್ಟುವ ಹಾಗಂತೂ ಇಲ್ಲವೇ ಇಲ್ಲ. ಅವಳು ಮುಂದೆ ಬಂದು ಆ ಕೈಯನ್ನು ಹಿಡಿದುಕೊಂಡಳು. ಅಂಗೈ ಬೆವೆತಿತ್ತು. ಅವಳ ಹಿಡಿತದೊಳಗೂ ಅದು ನಡುಗುತ್ತಲೇ ಇತ್ತು, ಮುಷ್ಟಿಯೊಳಗೆ ಸಿಕ್ಕ ಸಣ್ಣ ಹಕ್ಕಿಯ ಹಾಗೆ. "ಏನೇ ಇದು, ಯಾರಾದ್ರೂ ನೋಡ್ತಾರೆ" ಎಂದ ಅವನು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಅವಳೂ ಬಿಡಲಿಲ್ಲ. ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಬಸ್ಸು ಬಂದು ನಿಲ್ಲುವವರೆಗೂ, ಕೋಟಿನ ಕೆಳಗೆ ಮರೆಯಾಗಿದ್ದ ಅವನ ಬಲಗೈಯನ್ನೇ ನೋಡುತ್ತ ನಿಂತಳು.